ಅರ್ಥಶಾಸ್ತ್ರದ ಮೇಷ್ಟ್ರು ಮುಯ್ಯಾಳಾಗಿ ಹೋದದ್ದು

ಎಕಾನಮಿ ಅಂದರೇನು ಎಂದು ಹೊಳೆನರಸೀಪುರದ ಪಿಯು ಕಾಲೇಜಿನಲ್ಲಿ ಹೇಳಿಕೊಡುವುದೇ ನನ್ನ ಹೊಟ್ಟೆಪಾಡು. ಅದನ್ನು ನನಗೇ ಹೇಳಿಕೊಡುವವರು ಮಾತ್ರ ವಾರಕ್ಕೊಬ್ಬರಾದರೂ ಎದುರಾಗುತ್ತಲೇ ಇರುತ್ತಾರೆ.

ಹಸಿರು ಗೀಟು

ಒಂದು ದಿನ ತರಗತಿಯಲ್ಲಿ, "ಎಕಾನಮಿ ಎಂಬ ಪದವನ್ನು ಎಲ್ಲಿ ನೋಡಿದ್ದೀರಿ?" ಎಂದು ಕೇಳಿದೆ. ಅರಕಲಗೂಡಿನ ಕಡೆಯ ಹುಡುಗಿಯೊಬ್ಬಳು ಎದ್ದು, "ನಮ್ಮಪ್ಪನ ಬೈಕಿನ ಮೀಟರಲ್ಲಿ ಸಾ. ಮುಳ್ಳು ಹಸಿರು ಗೀಟಿನೊಳಗಿದ್ರೆ ಎಕಾನಮಿ, ಪೆಟ್ರೋಲ್ ಉಳಿತದೆ" ಎಂದಳು.

ಭೇಷ್ ಎಂದೆ. "ನಿಮ್ಮಪ್ಪ ಯಾವಾಗಲೂ ಆ ಗೀಟಿನೊಳಗೇ ಓಡಿಸ್ತಾರಾ?"

"ಹೂಂ ಸಾ. ಅಷ್ಟು ನಿಧಾನಕ್ಕೆ ಬಸ್‌ಸ್ಟಾಪಿಗೆ ಬರೋದ್ರೊಳಗೆ ಬಸ್ಸು ಒಂಟೋಗಿರ್ತದೆ. ಆಮೇಲೆ ಕಾಲೇಜ್‌ಗಂಟ ಬೈಕಲ್ಲೇ ತಂದ್ಬಿಡ್ತಾರೆ."

ಬಸಿದ ನೀರು

ಒಂದು ಭಾನುವಾರ ಹೆಂಡತಿಗೆ ನೆರವಾಗೋಣವೆಂದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಕಾಳು, ಸೊಪ್ಪು ಬೆಂದಿತ್ತು. ಬಸಿಯಲು ಹೇಳಿದಳು. ಬಸಿದೆ, ನೀರನ್ನು ಸಿಂಕಿಗೆ ಚೆಲ್ಲಿ ಪಾತ್ರೆಯನ್ನೂ ತೊಳೆದಿಟ್ಟೆ.

ಖಾರ ರುಬ್ಬಿಕೊಂಡು ಬಂದವಳು, "ಕಟ್ಟು ಎಲ್ರೀ?" ಎಂದಳು. ನಮ್ಮ ಕಡೆಯ ಬಸ್ಸಾರಿಗೆ ಆ ಬಸಿದ ನೀರೇ ಜೀವ. ಕಾಳು, ಸೊಪ್ಪು ಪಲ್ಯವಾಗುತ್ತದೆ, ನೀರು ಸಾರಾಗುತ್ತದೆ. ಹುಟ್ಟಿದಾಗಿನಿಂದ ಅದನ್ನು ಉಂಡವನಿಗೆ ಅದು ಎಲ್ಲಿಂದ ಬರುತ್ತದೆಂದು ಗೊತ್ತಿರಲಿಲ್ಲ. ನಾಚಿಕೆಯಾಯಿತು.

"ನಾಳೆ ಯಾವ ಪಾಠ?" ಎಂದಳು.

"ಸಂಪನ್ಮೂಲಗಳ ಮಿತ ಬಳಕೆ."

"ಮಾಡಿ, ಮಾಡಿ. ಇವತ್ತು ಮುದ್ದೆಗೂ ಆ ಪಾಠನೇ ನೆಂಚ್ಕೊಳ್ಳಿ."

ದಿನಕ್ಕೆ ದಿನ

ದಂಡಿಗನಹಳ್ಳಿಯಲ್ಲಿ ನಮ್ಮತ್ತೆಯ ರಾಗಿ ಕೊಯ್ಲಿಗೆ ಬಂದಿತ್ತು. ಮೋಡ ಕಟ್ಟುತ್ತಿದ್ದರೂ ಅತ್ತೆ ಯಾರನ್ನೂ ಕರೆಯದೆ ಮಂಕಾಗಿ ಕೂತಿದ್ದರು. ಕರೆಯದಿದ್ದರೂ ಅಕ್ಕಪಕ್ಕದ ಐದು ಜನ ಹೆಂಗಸರು ಬಂದು ಸಂಜೆಯೊಳಗೆ ಕೊಯ್ದು ಹಾಕಿದರು. ಕೂಲಿ ಕೊಡಲು ಜೇಬಿಗೆ ಕೈ ಹಾಕಿದೆ. ಐವರೂ ಮುಖ ಗಂಟು ಹಾಕಿಕೊಂಡರು.

"ನಾವೇನು ಕೂಲಿಯೋರಾ ಮೇಷ್ಟ್ರೇ? ಮುಯ್ಯಾಳು ಕಣ್ರೀ," ಎಂದರು ಹಿರಿಯಾಕೆ. "ಇವತ್ತು ನಿಮ್ಮೊಲಕ್ಕೆ ನಾವು, ನಾಳೆ ನಮ್ಮೊಲಕ್ಕೆ ನೀವು. ದುಡ್ಡು ಈಸ್ಕಂಡ್ರೆ ನಂಟು ಅಲ್ಲಿಗೇ ಮುಗಿದೋಯ್ತದೆ."

ಅತ್ತೆಯ ಸಂಕಟ ನನಗೆ ಆಗ ಅರ್ಥವಾಯಿತು. ಮಂಡಿ ನೋವಿನಿಂದ ಬಗ್ಗಲಾಗದು. ದಿನಕ್ಕೆ ದಿನ ತೀರಿಸಲಾಗದೆ ಇನ್ನು ಆ ಗುಂಪಿನಲ್ಲಿ ಹೇಗಿರಲಿ ಎಂಬ ಕೊರಗು. "ನಿಮ್ಮ ಬದಲು ನಾನು ಹೋಗ್ತೀನಿ" ಎಂದೆ. ರಜೆ ಹಾಕಿ, ಮರುದಿನ ಹಿರಿಯಾಕೆಯ ಹೊಲಕ್ಕೆ ಕುಡುಗೋಲು ಹಿಡಿದು ಇಳಿದೆ. ಮಧ್ಯಾಹ್ನದ ಹೊತ್ತಿಗೆ ಅವರೆಲ್ಲ ಅರ್ಧ ಹೊಲ ಮುಗಿಸಿದ್ದರು. ನಾನು ಕೊಯ್ದದ್ದು ಅರ್ಧ ಸಾಲು, ಒಂದು ಬೆರಳು.

ಹಿರಿಯಾಕೆ ನನ್ನ ಕುಡುಗೋಲು ಇಸಿದುಕೊಂಡರು. "ನಾಳೆಯಿಂದ ನಿಮ್ಮತ್ತೇನೇ ಕಳ್ಸಿ ಮೇಷ್ಟ್ರೇ. ಬದಿನ ಮೇಲೆ ಕೂತು ನಮ್ಮನ್ನ ಬೈತಾ ಇರ್ಲಿ, ಅದನ್ನೇ ಒಂದಾಳು ಅಂತ ಇಟ್ಕತೀವಿ. ಅಕ್ಕನ ಬಾಯಿಲ್ದೆ ಕೆಲ್ಸನೇ ಸಾಗ್ತಿಲ್ಲ."

ಮಾತು ಮುಟ್ಟಿಸಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾರನೆಯ ಬೆಳಿಗ್ಗೆ ಕೋಲು ಹಿಡಿದು ಎಲ್ಲರಿಗಿಂತ ಮೊದಲು ಹೊರಟು ನಿಂತರು.

"ನಾನೂ ಬರಲಾ ಅತ್ತೆ?" ಎಂದೆ.

"ಬ್ಯಾಡಿ ಅಳಿಯಂದ್ರೇ. ನೀವು ಬಂದ್ರೆ ನಿಮ್ಮ ಕೈಗೆ ಬಟ್ಟೆ ಕಟ್ಟಕ್ಕೇ ಒಂದಾಳು ಬೇಕಾಯ್ತದೆ. ಆ ಮುಯ್ಯಿ ಯಾರು ತೀರ್ಸೋದು?"