ಕಲ್ಲಿನ ಮೇಲಿನ ಎಪ್ಪತ್ತೊಂಬತ್ತು

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕೂ ಒಂದು ವಯಸ್ಸಿರುತ್ತದೆ. ಹತ್ತು ವರ್ಷದವನು ಗೊತ್ತಿಲ್ಲ ಅಂದರೆ ಮಾಸ್ತರರು ಕಿವಿ ಹಿಂಡುತ್ತಾರೆ, ಅಲ್ಲಿಗೆ ಮುಗಿಯಿತು. ತಲೆ ನೆರೆತವನು ಅದನ್ನೇ ಅಂದರೆ ಯಾರೂ ಏನೂ ಮಾಡುವುದಿಲ್ಲ, ಸುಮ್ಮನೆ ಮುಖ ನೋಡುತ್ತಾರೆ. ಆ ನೋಟ ತಪ್ಪಿಸಿಕೊಳ್ಳಲು ಮನುಷ್ಯ ಎಂಥ ಕೆಲಸಕ್ಕಾದರೂ ಹೂಂ ಅಂದುಬಿಡುತ್ತಾನೆ. ನಾನು ಹಾಗೆ ಹೂಂ ಅಂದದ್ದು ಒಂದು ಸಮಾಧಿ ಕಲ್ಲಿನ ವಿಷಯದಲ್ಲಿ.

ನನ್ನ ಹೆಸರು ಹುಸೇನಸಾಬ. ಊರು ಇಳಕಲ್ಲಿನ ಕಡೆ, ಕಸುಬು ಕಲ್ಲಿನ ಮೇಲೆ ಅಕ್ಷರ ಕೆತ್ತುವುದು. ಗೋವಾದ ಸಾಂಗೆಯಲ್ಲಿ ರಸ್ತೆಗೆ ಹೊಂದಿಕೊಂಡು ನನ್ನದೊಂದು ತಗಡಿನ ಶೆಡ್ಡು ಇದೆ. ಮನೆಗಳ ಮುಂದಿನ ಹೆಸರಿನ ಫಲಕ, ದೇವಸ್ಥಾನದ ಮೆಟ್ಟಿಲಿನ ಮೇಲೆ ದಾನಿಗಳ ಹೆಸರು, ಇಗರ್ಜಿಯ ಹಿಂದಿನ ಸಮಾಧಿ ಕಲ್ಲು, ಎಲ್ಲವನ್ನೂ ಮಾಡುತ್ತೇನೆ. ಕನ್ನಡ, ಮರಾಠಿ, ಇಂಗ್ಲಿಷ್ ಯಾವ ಅಕ್ಷರವಾದರೂ ಸರಿ. ಅರ್ಥ ತಿಳಿದಿರಬೇಕು ಎಂದೇನೂ ಇಲ್ಲ. ಪೋರ್ಚುಗೀಸ್ ಭಾಷೆಯ ಒಂದು ಪ್ರಾರ್ಥನೆಯ ಸಾಲನ್ನು ಎಷ್ಟು ಸಲ ಕೆತ್ತಿದ್ದೇನೋ ಲೆಕ್ಕವಿಲ್ಲ. ಅದರಲ್ಲೇನಿದೆ ಎಂದು ಯಾರಾದರೂ ಕೇಳಿದರೆ "ದೇವರ ಮಾತು" ಅನ್ನುತ್ತೇನೆ. ಇದುವರೆಗೆ ಯಾರೂ ತಪ್ಪು ಅಂದಿಲ್ಲ. ನನ್ನ ಹೆಂಡತಿ ಮಮತಾಜ ಮಾತ್ರ ಆಗಾಗ ಅನ್ನುತ್ತಾಳೆ: "ನಿಮ್ಮ ಕೈ ಸಾಲಿ ಕಲತೈತಿ, ತಲಿ ಇನ್ನೂ ಹೊರಗ ನಿಂತೈತಿ."

ಬ್ರಿಜಿಟ್ ಟೀಚರ್ ನಮ್ಮ ಶೆಡ್ಡಿಗೆ ಬಂದದ್ದು ಅವರ ಗಂಡ ಕಾಯ್ತಾನರು ತೀರಿಕೊಂಡು ಹತ್ತು ತಿಂಗಳಾದ ಮೇಲೆ. ಊರಿನ ಅರ್ಧ ಜನಕ್ಕೆ ಲೆಕ್ಕ ಕಲಿಸಿ ನಿವೃತ್ತರಾದವರು. ನೆಟ್ಟಗೆ ನಡೆಯುತ್ತಾರೆ, ಮೆಲ್ಲಗೆ ಮಾತಾಡುತ್ತಾರೆ, ಎದುರಿನವರು ತಾವಾಗಿ ಕೈಕಟ್ಟಿಕೊಳ್ಳುತ್ತಾರೆ. ಅವರು ಆಡುವುದು ಕೊಂಕಣಿ. ಆದರೆ ಇಷ್ಟು ವರ್ಷ ಇಲ್ಲಿದ್ದೂ ನನ್ನ ಕಿವಿ ಕೊಂಕಣಿಯನ್ನು ನಮ್ಮೂರ ಕನ್ನಡ ಮಾಡಿಕೊಂಡೇ ಕೇಳುತ್ತದೆ, ಹಾಗಾಗಿ ಅವರ ಮಾತನ್ನೂ ಹಾಗೇ ಬರೆಯುತ್ತೇನೆ.

ಕಲ್ಲು ಮೊದಲೇ ಅವರ ಮನೆಯಲ್ಲಿತ್ತು, ಅದನ್ನು ಶೆಡ್ಡಿಗೆ ತರಿಸಿಕೊಂಡೆ. ಬಿಳಿ ಅಮೃತಶಿಲೆಯ ಅಗಲವಾದ ಚಪ್ಪಡಿ. ಕಾಯ್ತಾನರು ಬದುಕಿದ್ದಾಗ ತಾವೇ ನನ್ನ ಶೆಡ್ಡಿಗೆ ಬಂದು, ಹತ್ತಾರು ಚಪ್ಪಡಿಗಳ ಮೇಲೆ ಕೈಯಾಡಿಸಿ, "ಇದರ ಕೆಳಗ ಮಲಗಿದ್ರ ತಂಪ ಆಕ್ಕೈತಿ ನೋಡು" ಎಂದು ನಗುತ್ತ ಆರಿಸಿಕೊಂಡು ಹೋಗಿದ್ದರು. ಟೀಚರ್ ಒಂದು ಚೀಟಿ ಕೊಟ್ಟರು. ಅದರಲ್ಲಿ ಗಂಡನ ಹೆಸರು, ಅದರ ಕೆಳಗೆ ವಯಸ್ಸು 79 ಎಂದಿತ್ತು.

"ವಯಸ್ಸು ರೋಮನ್ ಅಂಕಿಯೊಳಗ ಬರಬೇಕು ಹುಸೇನ. ನಮ್ಮ ಮಾವಂದು, ಅವರ ಅಪ್ಪಂದು ಎಲ್ಲಾ ಹಂಗ ಅದಾವು. ಹೆಸರು ಎಡಕ್ಕ ಕೆತ್ತು. ಬಲಗಡೆ ಅರ್ಧ ಖಾಲಿ ಬಿಡು. ಆಕ್ಕೈತೇನು?"

"ಅದೇನ್ ದೊಡ್ಡದು ಬಿಡ್ರಿ ಟೀಚರ್ ಬಾಯಿ," ಅಂದೆ.

ನನಗೆ ರೋಮನ್ ಅಂಕಿಯ ಪರಿಚಯ ಎಷ್ಟಿತ್ತೆಂದರೆ, ನಮ್ಮೂರ ಸಾಲೆಯಲ್ಲಿ ತರಗತಿಗಳ ಬಾಗಿಲ ಮೇಲೆ ಅವನ್ನು ಬರೆದಿದ್ದರು. ಐದು ವರ್ಷ ಆ ಬಾಗಿಲುಗಳ ಕೆಳಗೆ ಓಡಾಡಿದರೂ ನಾನು ಅವನ್ನು ಓದಿದವನಲ್ಲ. ಗೆಳೆಯರು ಯಾವ ಕೋಣೆಗೆ ನುಗ್ಗುತ್ತಿದ್ದರೋ ಅದೇ ನನ್ನ ತರಗತಿ. ಒಂದು ವರ್ಷ ಗೆಳೆಯ ನಪಾಸಾಗಿದ್ದ. ಅವನ ಹಿಂದೆ ನುಗ್ಗಿ ಎರಡು ದಿನ ಹಳೆಯ ತರಗತಿಯಲ್ಲೇ ಕೂತಿದ್ದೆ, ಮಾಸ್ತರರಿಗೂ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ.

ಆದರೂ ಒಂದು ಉಪಾಯ ಹೊಳೆಯಿತು. ಟೀಚರ್ ಅವರ ಮಾವ ಎಪ್ಪತ್ತಕ್ಕೆ ತೀರಿಕೊಂಡವರು ಎಂದು ಊರಿಗೆಲ್ಲ ಗೊತ್ತು. ಅವರ ಸಮಾಧಿಗೆ ಹೋಗಿ ನೋಡಿದೆ, LXX ಎಂದಿತ್ತು. ಅಂದರೆ ಎಪ್ಪತ್ತು ಸಿಕ್ಕಿತು. ಉಳಿದದ್ದು ಒಂಬತ್ತು. ನನ್ನ ಶೆಡ್ಡಿನ ಗೋಡೆಗೆ ಒಂದು ದುಂಡು ಗಡಿಯಾರವಿದೆ, ಅದರ ತುಂಬ ರೋಮನ್ ಅಂಕಿಗಳೇ. ಗೋಡೆಯಿಂದ ಇಳಿಸಿ ಕಲ್ಲಿನ ಮೇಲೆ ಮಲಗಿಸಿಕೊಂಡೆ. ಒಂಬತ್ತರ ಜಾಗ ಯಾವುದೆಂದು ಗೊತ್ತಿತ್ತು. ಚೆನ್ನಾಗಿ ಕಾಣಲಿ ಎಂದು ಆ ಪಕ್ಕವನ್ನೇ ನನ್ನ ಹೊಟ್ಟೆಯ ಕಡೆಗೆ ತಿರುಗಿಸಿಕೊಂಡು, ಕಂಡದ್ದನ್ನು ಕಂಡ ಹಾಗೆ ಚೀಟಿಯ ಮೇಲೆ ಇಳಿಸಿಕೊಂಡೆ: XI. ಗಡಿಯಾರದ ಅಂಕಿಗಳೆಲ್ಲ ನಡುವಿಗೆ ಕಾಲು ಚಾಚಿ ಮಲಗಿರುತ್ತವೆ, ಅಂಚಿನಿಂದ ನೋಡಿದವನಿಗೆ ಬುಡಮೇಲಾಗಿ ಕಾಣುತ್ತವೆ ಎಂಬುದು ಆಗ ತಲೆಗೆ ಬರಲಿಲ್ಲ. ಬೇರೆ ಅಕ್ಷರವಾಗಿದ್ದರೆ ತಲೆಕೆಳಗಾದದ್ದು ಗೊತ್ತಾಗುತ್ತಿತ್ತು. ಎಕ್ಸ್ ಮತ್ತು ಐ ಮಾತ್ರ ಹೇಗೆ ತಿರುಗಿಸಿದರೂ ಹಾಗೇ ಇರುತ್ತವೆ. ಜಗತ್ತಿನಲ್ಲಿ ಕೆಲವರು ಹೀಗಿರುತ್ತಾರೆ, ಅವರನ್ನು ನಂಬಿ ನಾನು ಬೇರೆ ಕಡೆಯೂ ಕೆಟ್ಟಿದ್ದೇನೆ. LXX ಪಕ್ಕದಲ್ಲಿ XI ಸೇರಿಸಿ ಆಳವಾಗಿ, ಅಚ್ಚುಕಟ್ಟಾಗಿ ಕೆತ್ತಿದೆ. ಅಷ್ಟು ಚೆಂದದ ಅಂಚು ನನ್ನ ಉಳಿಯಿಂದ ಹಿಂದೆಂದೂ ಬಂದಿರಲಿಲ್ಲ.

ಕಲ್ಲನ್ನು ಸಮಾಧಿಯ ಮೇಲೆ ಕೂರಿಸಿದ ಬೆಳಿಗ್ಗೆ ಟೀಚರ್ ಹೂವು ಹಿಡಿದುಕೊಂಡು ಬಂದರು. ಕನ್ನಡಕ ಹಾಕಿಕೊಂಡರು. ಗಂಡನ ಹೆಸರಿನ ಮೇಲೆ ಬೆರಳಾಡಿಸಿದರು. ಬೆರಳು ವಯಸ್ಸಿನ ಹತ್ತಿರ ಬಂದು ನಿಂತಿತು.

"ಹುಸೇನ, ಇದೆಷ್ಟು?"

"ಎಪ್ಪತ್ತೊಂಬತ್ತ್ರಿ."

"ಓದು."

"ಎಲ್, ಎಕ್ಸ್, ಎಕ್ಸ್, ಎಕ್ಸ್, ಐ."

"ಎಂಬತ್ತೊಂದು," ಅಂದರು ಟೀಚರ್. ಬೈಯಲಿಲ್ಲ. ಪಕ್ಕದ ಸಮಾಧಿಯ ಕಟ್ಟೆಯ ಮೇಲೆ ಕೂತರು. "ಎಂಬತ್ತಕ್ಕ ಹನ್ನೊಂದು ದಿನ ಉಳಿದಿದ್ವು. ಯಾರ್‍ಯಾರನ್ನ ಕರೀಬೇಕು, ಎಂಥಾ ಕೇಕ್ ತರಬೇಕು ಅಂತ ಪಟ್ಟಿ ಮಾಡಿ ಇಟ್ಟಿದ್ರು. ಆ ಪಟ್ಟಿ ಇನ್ನೂ ಕಪಾಟಿನ್ಯಾಗ ಐತಿ," ಅಂದರು.

ನಾನು ಹೆಚ್ಚಿಗೆ ಕೆತ್ತಿದ್ದ ಎರಡು ವರ್ಷ ಆ ಬಿಸಿಲಿನಲ್ಲಿ ಫಳಫಳ ಹೊಳೆಯುತ್ತಿತ್ತು. ಆ ಮನುಷ್ಯನಿಗೆ ಹನ್ನೊಂದು ದಿನ ಸಿಕ್ಕಿರಲಿಲ್ಲ. ನಾನು ತಲೆ ತಗ್ಗಿಸಿ, ಬೇರೆ ಚಪ್ಪಡಿ ತಂದು ಕೆತ್ತಿಕೊಡುತ್ತೇನೆ ಅಂದೆ.

"ಇದು ಅವರು ಆರಿಸಿದ ಕಲ್ಲು. ಬ್ಯಾರೆ ಬ್ಯಾಡ."

"ಹಂಗಾದ್ರ ಇದನ್ನ ತಿರುವಿ ಹಾಕಿ, ಹಿಂದಿನ ಮೈಗೆ ಪಾಲಿಶ್ ಕೊಟ್ಟು ಕೆತ್ತಬಹುದ್ರಿ. ವರ್ಷದ ಪ್ರಾರ್ಥನಿಗಿನ್ನೂ ಒಂದು ತಿಂಗಳು ಐತಲ್ರಿ."

"ಹಿಂದಿನ ಮೈ ಒಂದ ಇರೋದು," ಅಂದರು ಟೀಚರ್. "ಅದೂ ಕೆಟ್ರ ಮುಗೀತು. ನಾಳೆಯಿಂದ ನಾಕು ಗಂಟೆಗೆ ಮನಿಗೆ ಬಾ. ಒಂದರಿಂದ ನೂರರ ತನಕ ಕಲಿ. ಕಲಿತ ಮ್ಯಾಲೆ ಉಳಿ ಮುಟ್ಟು."

ಹೀಗೆ ನಾನು ಮತ್ತೆ ಸಾಲೆಗೆ ಸೇರಿದೆ. ಟೀಚರ್ ಮನೆಯ ಮುಂದೆ, ಗೋವಾದ ಹಳೆಯ ಮನೆಗಳಿಗೆಲ್ಲ ಇರುವಂತೆ, ಎದುರು ಬದುರು ಕಲ್ಲಿನ ಆಸನವಿರುವ ಜಗಲಿ. ಒಂದು ಆಸನದ ಮೇಲೆ ಅವರು, ಇನ್ನೊಂದರ ಮೇಲೆ ತೊಡೆಯ ಮೇಲೆ ಪಾಟಿ ಇಟ್ಟುಕೊಂಡ ನಾನು. ಆ ಜಗಲಿ ಕಟ್ಟಿದ್ದೇ ರಸ್ತೆಯಲ್ಲಿ ಹೋಗುವವರನ್ನು ನೋಡಲು. ಈಗ ಹೋಗುವವರು ನನ್ನನ್ನು ನೋಡತೊಡಗಿದರು. ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು ಸಲಾಮು ಹೊಡೆಯುತ್ತಿದ್ದ. ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ, ಪರೀಕ್ಷೆ ಯಾವಾಗ ಎಂದು ವಿಚಾರಿಸಿದಳು. ಅವಳ ಮುಖದಲ್ಲಿ ನಗೆಯಿರಲಿಲ್ಲ, ಖರೇ ಕಾಳಜಿಯಿತ್ತು. ಅದು ಇನ್ನೂ ಕಷ್ಟವಾಯಿತು.

"ಸಣ್ಣ ಅಂಕಿ ದೊಡ್ಡದರ ಬಲಕ್ಕ ನಿಂತ್ರ ಕೂಡಸು, ಎಡಕ್ಕ ನಿಂತ್ರ ಕಳಿ," ಇದು ಮೊದಲ ಪಾಠ. ಕೇಳಲು ಸುಲಭ. ನಾನು ನಲವತ್ತೆಂಟರವರೆಗೆ ಏದುಸಿರು ಬಿಡುತ್ತ ಬಂದು, ನಲವತ್ತೊಂಬತ್ತಕ್ಕೆ IL ಎಂದು ಬರೆದು ಜಾಣತನದಿಂದ ತಲೆಯೆತ್ತಿದೆ. ಟೀಚರ್ ಅಡ್ಡಗೆರೆ ಎಳೆದರು.

"ಐವತ್ತಕ್ಕ ಒಂದು ಕಮ್ಮಿ, ಬರೋಬ್ಬರಿ ಐತಲ್ರಿ?"

"ಐಗೆ ಎಲ್ ಮುಂದ ನಿಲ್ಲೂವಷ್ಟು ಸಲಿಗಿ ಇಲ್ಲ. ಅದು ವಿ ಮುಂದ, ಎಕ್ಸ್ ಮುಂದ ಅಷ್ಟ ನಿಲ್ಲಬೇಕು. ಮೊದಲು ನಲವತ್ತು ಬರಿ, ಆಮ್ಯಾಲೆ ಒಂಬತ್ತು ಬರಿ."

XLIX ಎಂದು ಬರೆದೆ. ದೊಡ್ಡವರ ಮುಂದೆ ನೇರ ಹೋಗಿ ನಿಲ್ಲಬಾರದು, ನಡುವೆ ಒಬ್ಬ ಬೇಕು ಎಂಬುದು ಸರಕಾರಿ ಕಚೇರಿಗಳಲ್ಲಿ ನಾನು ಕಂಡ ನಿಯಮವೇ ಆದ್ದರಿಂದ ಬೇಗ ಮನಸ್ಸಿಗೆ ಹಿಡಿಯಿತು. ಆದರೆ ಮೂವತ್ತೆಂಟಕ್ಕೆ ಏಳು ಅಕ್ಷರ ಯಾಕೆ ಬೇಕು ಎಂಬುದು ಮಾತ್ರ ಈಗಲೂ ಹಿಡಿದಿಲ್ಲ. ಆ ಕಾಲದ ಕಲ್ಲುಕುಟಿಗರ ತೋಳುಗಳನ್ನು ನೆನೆಸಿಕೊಂಡು ನಿಟ್ಟುಸಿರು ಬಿಟ್ಟಿದ್ದೇನೆ.

ಎರಡನೆಯ ವಾರ ಎಪ್ಪತ್ತೊಂಬತ್ತು ತಲುಪಿದೆವು. LXXIX. ತಪ್ಪಿಲ್ಲದೆ ಹತ್ತು ಸಲ ಬರೆದು ತೋರಿಸಿ, ಪಾಟಿ ಕೆಳಗಿಟ್ಟೆ. "ನಮಗ ಬೇಕಾಗಿದ್ದು ಬಂತಲ್ರಿ ಟೀಚರ್ ಬಾಯಿ. ನೂರರ ತನಕ ಯಾಕ್ರಿ ಇನ್ನ?"

ಟೀಚರ್ ರಸ್ತೆಯ ಕಡೆ ನೋಡುತ್ತಿದ್ದರು. "ಕಲ್ಲಿನ ಬಲಗಡೆ ಯಾಕ ಖಾಲಿ ಬಿಡು ಅಂದೆ, ಗೊತ್ತಾಗಲಿಲ್ಲೇನು ನಿನಗ?" ಅಂದರು. "ಅಲ್ಲಿ ನನ್ನ ಹೆಸರು ಬರಬೇಕು. ಅದರ ಕೆಳಗ ಯಾವ ಅಂಕಿ ಬರತೈತಿ, ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ನಮಗ ಮಕ್ಕಳಿಲ್ಲ. ಮೈದುನನ ಮಕ್ಕಳಿಗೆ ಇದನ್ನ ಓದಾಕ ಬರಂಗಿಲ್ಲ. ಅದನ್ನ ಕೆತ್ತೂ ದಿನ ತಪ್ಪು ಹಿಡ್ಯಾಕ ನಾ ಇರಂಗಿಲ್ಲ ಹುಸೇನ."

ನನ್ನ ಕಸುಬಿನಲ್ಲಿ ಸಾವು ಹೊಸತಲ್ಲ. ಸತ್ತವರ ಹೆಸರು ಕೆತ್ತುತ್ತಲೇ ಊಟದ ಡಬ್ಬಿ ತೆರೆದಿದ್ದೇನೆ. ಆದರೆ ಎದುರಿಗೆ ಕೂತು ತನ್ನ ಅಂಕಿಗಾಗಿ ಪಾಠ ಹೇಳುವವರನ್ನು ನಾನು ನೋಡಿರಲಿಲ್ಲ. ಪಾಟಿ ಎತ್ತಿಕೊಂಡು ಎಂಬತ್ತು ಬರೆದೆ. ಮರುದಿನ ಮೂರೂವರೆಗೇ ಹೋಗಿ ಜಗಲಿಯಲ್ಲಿ ಕೂತಿದ್ದೆ.

ಮೂರು ವಾರಕ್ಕೆ ಪರೀಕ್ಷೆ. ಟೀಚರ್ ಇಪ್ಪತ್ತು ಸಂಖ್ಯೆ ಹೇಳಿದರು. ಹತ್ತೊಂಬತ್ತು ಸರಿ ಬಂತು. ಎಂಬತ್ತೆಂಟರಲ್ಲಿ ಒಂದು ಕಡ್ಡಿ ಬಿಟ್ಟಿದ್ದೆ. ನೂರರೊಳಗೆ ಅದೇ ಎಲ್ಲಕ್ಕಿಂತ ಉದ್ದನೆಯದು, LXXXVIII, ಎಂಟು ಅಕ್ಷರ. ಅದನ್ನು ಐವತ್ತು ಸಲ ಬರೆಸಿದರು. ಬರೆಯುತ್ತಿರುವಾಗ ಟೀಚರ್, "ಎಂಬತ್ತೆಂಟಕ್ಕ ಹೋದ್ರ ನಿನಗ ಭಾಳ ತ್ರಾಸು. ತೊಂಬತ್ತಕ್ಕ ಎರಡ ಅಕ್ಷರ. ನೋಡೂಣು, ಪ್ರಯತ್ನ ಮಾಡತೇನಿ," ಅಂದರು. ನಗಬೇಕೋ ಬೇಡವೋ ಎಂದು ಮುಖ ನೋಡಿದೆ. ಅವರೇ ಸ್ವಲ್ಪ ನಕ್ಕರು.

ಕಲ್ಲನ್ನು ತಿರುವಿ, ಹಿಂದಿನ ಮೈಗೆ ಹೊಳಪು ಕೊಟ್ಟು, ನಾಲ್ಕು ದಿನ ಕೂತು ಕೆತ್ತಿದೆ. ಪ್ರತಿ ಅಕ್ಷರಕ್ಕೂ ಉಳಿ ಇಡುವ ಮೊದಲು ಬಾಯಲ್ಲಿ ಹೇಳಿಕೊಂಡೆ. ಟೀಚರ್ ಒಪ್ಪಿದ ಮೇಲೆ ಅವರ ಹೆಸರನ್ನೂ ಬಲಗಡೆ ಕೆತ್ತಿ, ಕೆಳಗೆ ಎಂಟು ಅಕ್ಷರದಷ್ಟು ಜಾಗ ಅಳೆದು ಬಿಟ್ಟೆ. ವರ್ಷದ ಪ್ರಾರ್ಥನೆಗೆ ಮೂರು ದಿನ ಮೊದಲು ಆಳುಗಳು ಕಲ್ಲೆತ್ತಿ ಸಮಾಧಿಯ ಮೇಲೆ ಇಳಿಸುವಾಗ, ಕೆಳಮುಖವಾದ ಹಳೆಯ ಕೆತ್ತನೆ ಒಂದು ಗಳಿಗೆ ಕಂಡಿತು. ನಾನು ಅದನ್ನು ಸಿಮೆಂಟು ತುಂಬಿ ಮುಚ್ಚುತ್ತೇನೆ ಅಂದಿದ್ದೆ. ಟೀಚರ್ ಬೇಡ ಎಂದಿದ್ದರು. ಆಳುಗಳಿಗೆ ತಡೆಯಲು ಹೇಳಿ, ಬಗ್ಗಿ ಅದನ್ನು ಇನ್ನೊಮ್ಮೆ ಓದಿದರು.

"ಇದು ಅವರ ಕಡೆ ಮುಖ ಮಾಡಿ ಇರತೈತಲ್ಲ?"

"ಹೌದ್ರಿ."

"ಇರಲಿ. ಎಂಬತ್ತು ದಾಟಬೇಕಂತ ಭಾಳ ಆಸೆ ಇತ್ತು. ಓದಿಕೊಂತ ಮಲಗಲಿ. ನಮಗ ಮ್ಯಾಲೆ ಖರೇದು ಕಂಡ್ರ ಸಾಕು."

ಆಮೇಲೆ ಕೈಯಿಂದ ಸನ್ನೆ ಮಾಡಿದರು. ಆಳುಗಳು ಕಲ್ಲು ಇಳಿಸಿದರು. ಟೀಚರ್ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಬಹಳ ಹೊತ್ತು ಒರೆಸಿಕೊಂಡರು. ನಾನು ಉಳಿ ಸುತ್ತಿಗೆ ಎಣಿಸುವ ನೆಪದಲ್ಲಿ ಆ ಕಡೆ ತಿರುಗಿದೆ. ಇದ್ದದ್ದು ಎರಡೇ ಉಳಿ, ಆದರೂ ಎಣಿಕೆ ಮುಗಿಯಲಿಲ್ಲ.

ಪ್ರಾರ್ಥನೆಯ ದಿನ ನೆಂಟರೆಲ್ಲ ಬಂದು ಕಲ್ಲು ಚೆನ್ನಾಗಿದೆ ಅಂದರು. ವಯಸ್ಸನ್ನು ಯಾರೂ ಓದಲಿಲ್ಲ. ಓದಲು ಬರುವವರು ಅಲ್ಲಿ ಇಬ್ಬರೇ ಇದ್ದೆವು.

ಇದಾಗಿ ಒಂದೂವರೆ ವರ್ಷ. ಟೀಚರ್ ಈಗಲೂ ಬೆಳಿಗ್ಗೆ ಇಗರ್ಜಿಗೂ ಪೇಟೆಗೂ ನಡೆದೇ ಹೋಗುತ್ತಾರೆ. ನನಗೆ ಏರು ಹತ್ತಿದರೆ ದಮ್ಮು, ರಕ್ತದೊತ್ತಡದ ಮಾತ್ರೆ ಬೇರೆ. ಮೊನ್ನೆ ಪೇಟೆಯಲ್ಲಿ ನಾನು ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಉಸಿರು ಹಿಡಿದುಕೊಳ್ಳುತ್ತಿದ್ದಾಗ ಎದುರು ಬಂದು ನಿಂತರು. ನನ್ನನ್ನು ಅಳೆಯುವ ಹಾಗೆ ನೋಡಿ, "ಹುಸೇನ, ನೀ ನನಗಿಂತ ಮೊದಲು ಹೋಗೂ ಹಂಗ ಕಾಣತೀ. ಯಾರಿಗಾದ್ರೂ ಕಲಿಸಿ ಇಡು," ಅಂದರು.

ಕಲಿಸಲು ಯಾರಿದ್ದಾರೆ? ಮಮತಾಜಳನ್ನೇ ಕೂಡಿಸಿಕೊಂಡೆ. ನನಗೆ ಮೂರು ವಾರ ಹಿಡಿದದ್ದನ್ನು ಅವಳು ರೊಟ್ಟಿ ಬಡಿಯುತ್ತ ನಾಲ್ಕು ದಿನದಲ್ಲಿ ಕಲಿತಳು. ಹಿಟ್ಟಿನ ಮೇಲೆ ಬೆರಳಿಂದ ಬರೆಯುವುದು, ಒರೆಸುವುದು. ಐದನೆಯ ದಿನ ಅವಳಿಗೆ ಮಾದರಿಯೊಂದು ತೋರಿಸೋಣವೆಂದು ನನ್ನ ವಯಸ್ಸನ್ನೇ ಬರೆದೆ: LV.

ಮಮತಾಜ ಒಂದು ಗಳಿಗೆ ಅದನ್ನು ನೋಡಿದಳು. "ನಮ್ಮ ಲಗ್ನದಾಗ ನಿಮಗ ಎಷ್ಟ ವಯಸ್ಸಂತ ನಮ್ಮಪ್ಪಗ ಹೇಳಿದ್ರಿ, ನನಗ ನೆನಪೈತಿ," ಎಂದು, ಹಿಟ್ಟಿನ ಬೆರಳಿನಿಂದ ಬಲಗಡೆಗೆ ಒಂದೊಂದಾಗಿ ಮೂರು ಕಡ್ಡಿ ಎಳೆದಳು: LVIII, ಐವತ್ತೆಂಟು.

ಈ ಸಲ ತಪ್ಪನ್ನು ಗಡಿಯಾರದ ಮೇಲೆ ಹಾಕುವಂತಿರಲಿಲ್ಲ.