ಉಡಿ ಇಲ್ಲದ ದೇಶದಲ್ಲಿ ದೊಡ್ಡವ್ವ

ನಮ್ಮ ದೊಡ್ಡವ್ವನಿಗೆ ಪೋರ್ಚುಗಲ್ ದೇಶದ ಮೇಲೆ ಐನೂರು ವರ್ಷದ ಸಿಟ್ಟಿದೆ. ಆಕೆಗಿನ್ನೂ ಅರವತ್ತಾರು, ಅದು ಬೇರೆ ಮಾತು. ಗೋವಾ ನಮ್ಮ ವಿಜಯಪುರದ ಆದಿಲಶಾಹಿಯವರ ಕೈಯಲ್ಲಿತ್ತು, ಅದನ್ನು ಪೋರ್ಚುಗೀಸರು ಕಸಿದುಕೊಂಡರು ಎಂದು ಸಣ್ಣವಳಿದ್ದಾಗ ಶಾಲೆಯಲ್ಲಿ ಓದಿದ್ದಾಳೆ. ಅದನ್ನು ಇವತ್ತಿಗೂ, ಪಕ್ಕದ ಹೊಲದವನು ತನ್ನ ಬದು ಒತ್ತಿದ ಹಾಗೆ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ. ಅಂಥವಳು ಹೋಗಿ ಹೋಗಿ ಅದೇ ದೇಶಕ್ಕೆ ಪ್ರವಾಸ ಹೊರಟರೆ ಜೊತೆಗೆ ಹೋದವರ ಗತಿ ಏನು? ಜೊತೆಗೆ ಹೋದವಳು ನಾನು.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ತಿಕೋಟಾ ಕಡೆಯ ಬಿಜ್ಜರಗಿಯಲ್ಲಿ ಆಕೆಯ ದ್ರಾಕ್ಷಿ ತೋಟವಿದೆ. ಹಣ್ಣು ಒಣಗಿಸಿ ಮಣೂಕ ಮಾಡಿಸಿ, ವ್ಯಾಪಾರಿಗಳ ಜೊತೆ ತಾನೇ ಚೌಕಾಶಿಗೆ ಕೂರುತ್ತಾಳೆ. ಆ ವರ್ಷ ಒಣದ್ರಾಕ್ಷಿಗೆ ಒಳ್ಳೆಯ ದರ ಸಿಕ್ಕಿತು.

"ಎಲ್ಲಾರೂ ಕಾಶಿಗೆ ಹೋಗ್ತಾರ. ನಾ ಪೋರ್ಚುಗಲ್ಲಿಗೆ ಹೋಗ್ತೇನಿ," ಎಂದಳು.

"ಅಲ್ಲೇನೈತಿ ಬೇ?"

"ಗೋವಾ ಕಸಗೊಂಡು ಏನ್ ಉದ್ಧಾರ ಆಗ್ಯಾರ, ನೋಡಿ ಬರೂಣು."

ಹೊರಡುವ ದಿನ ಅಥಣಿ ರಸ್ತೆಯ ನಮ್ಮ ಮನೆಯಲ್ಲಿ ಆಕೆಯ ಚೀಲ ಎತ್ತಲು ಹೋಗಿ ನನ್ನ ನಡು ಹಿಡಿಯಿತು. ಬಿಚ್ಚಿ ನೋಡಿದರೆ ನಾಲ್ಕೇ ಸೀರೆ. ಉಳಿದದ್ದೆಲ್ಲ ಕುಪ್ಪಸದ ಖಣ, ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಕೊಬ್ಬರಿ ಬಟ್ಟಲು.

"ದೊಡ್ಡವ್ವಾ, ಪ್ರವಾಸಕ್ಕ ಹೊಂಟೀಯೋ, ಮದಿವಿಗೆ ಹೊಂಟೀಯೋ?"

"ಮಂದಿ ಊರಿಗೆ ಖಾಲಿ ಕೈಲೆ ಹೋಗ್ತಾರೇನು? ಅಲ್ಲಿ ಹೆಣ್ಣಮಕ್ಕಳಿಗೆ ಉಡಿ ತುಂಬತೇನಿ. ಒಂದ ಖಣಾನೂ ತಿರುಗಿ ತರೂದಿಲ್ಲ, ನೋಡ್ತಿರು."

ಇಲ್ಲೊಂದು ಮಾತು ಹೇಳಿಬಿಡಬೇಕು. ನಮ್ಮ ಬಳಗದಲ್ಲಿ ಯಾರ ಮದುವೆಯಿರಲಿ, ಯಾವ ಬಸುರಿಯ ಕುಬಸದ ಕಾರ್ಯವಿರಲಿ, ಖಣ ಆರಿಸುವವಳು ದೊಡ್ಡವ್ವನೇ. ಆಕೆಯ ಹಾಗೆ ಅಂಚು ನೋಡಿ ಬಣ್ಣ ಹೊಂದಿಸುವವರು ಇಡೀ ಜಿಲ್ಲೆಯಲ್ಲಿಲ್ಲ. ಆದರೆ ಆರಿಸಿ, ಮಡಚಿ, ತಾಟಿನಲ್ಲಿ ಜೋಡಿಸಿ ಕೊಟ್ಟ ಮೇಲೆ ಆಕೆ ಅಡಿಗೆಮನೆಗೆ ಹೋಗಿಬಿಡುತ್ತಾಳೆ. ದೊಡ್ಡಪ್ಪ ತೀರಿಕೊಂಡಾಗಿನಿಂದ ಹೀಗೆಯೇ. ಉಡಿ ತುಂಬುವವರು ಮುತ್ತೈದೆಯರು. ಆಕೆ ಯಾರಿಗೂ ತುಂಬುವಂತಿಲ್ಲ, ಆಕೆಗೂ ಯಾರೂ ತುಂಬುವುದಿಲ್ಲ. ಹೋಗು ಎಂದು ಆಕೆಗೆ ಯಾರೂ ಹೇಳಿದ್ದಿಲ್ಲ. ಇರು ಎಂದೂ ಯಾರೂ ಹೇಳಿದ್ದಿಲ್ಲ.

ಲಿಸ್ಬನ್ನಿನ ಹೋಟೆಲಿನಲ್ಲಿ ಕೋಣೆಯ ಕೀಲಿ ಕೊಡುವ ಹುಡುಗಿ ಮೊದಲು ಸಿಕ್ಕಿಬಿದ್ದಳು. "ಸೆರಗ ಹಿಡಿ, ಯವ್ವಾ," ಎಂದಳು ದೊಡ್ಡವ್ವ, ಅಚ್ಚ ಬಿಜ್ಜರಗಿ ಕನ್ನಡದಲ್ಲಿ. ಪ್ಯಾಂಟು ಹಾಕಿದ ಹುಡುಗಿ ಸೆರಗು ಎಲ್ಲಿಂದ ತರಬೇಕು? ಕಡೆಗೆ ಕೋಟಿನ ಎರಡು ತುದಿ ಹಿಡಿಸಿ, ನನ್ನ ಮೊಬೈಲಿನಲ್ಲಿ ಮೂಡಣ ದಿಕ್ಕು ಹುಡುಕಿಸಿ, ಅತ್ತ ಮುಖ ಮಾಡಿ ನಿಲ್ಲಿಸಿ, ಅಕ್ಕಿ ಖಣ ಎಲ್ಲ ಹಾಕಿ ಮುಗಿಸಿದಳು. ಹುಡುಗಿ ಕೆಂಪಗಾಗಿ ನಕ್ಕಳು. ಹಿಂದೆ ಸಾಲಿನಲ್ಲಿದ್ದ ಇನ್ಯಾವುದೋ ದೇಶದ ದಂಪತಿ, ಈ ಹೋಟೆಲಿನ ಪದ್ಧತಿಯೇ ಹೀಗಿರಬೇಕೆಂದು ತಮ್ಮ ತಮ್ಮ ಕೋಟಿನ ತುದಿ ಹಿಡಿದುಕೊಂಡು ಮೂಡಣಕ್ಕೆ ಮುಖ ಮಾಡಿ ನಿಂತರು.

ಗುಡ್ಡದ ಮೇಲಿನ ಕೋಟೆಗೆ ಹೋದೆವು. ಅಲ್ಲಿ ಸಾಲಾಗಿ ಹಳೆಯ ತೋಪುಗಳು. ನಮ್ಮ ಟೂರ್ ಮ್ಯಾನೇಜರ್ ಹುಬ್ಬಳ್ಳಿಯವರು, ಪಾಪ, ಸಮಾಧಾನದ ಮನುಷ್ಯ. ಅವರು ತೋಪುಗಳ ಪರಾಕ್ರಮ ಹೇಳುತ್ತಿದ್ದರೆ ದೊಡ್ಡವ್ವ ಒಂದರ ಬಾಯೊಳಗೆ ಕೈ ಹಾಕಿ ನೋಡಿದಳು. "ನಮ್ಮ ಮಲಿಕ್-ಎ-ಮೈದಾನ ತೋಪಿನ ಮುಂದ ಇದು ಹೋಳಿ ಹುಣ್ಣಿವಿ ಪಿಚಕಾರಿರಿ. ಇಂಥಾದ್ದು ತಗೊಂಡು ಬಂದು ಗೋವಾ ಹೆಂಗ ಗೆದ್ರು?" ಎಂದಳು. ಮ್ಯಾನೇಜರ್ ಮುಂದಿನ ಕೋಟೆಯಲ್ಲಿ ತೋಪು ತೋರಿಸಲೇ ಇಲ್ಲ.

ಊಟದ್ದು ಇನ್ನೊಂದು ಕಥೆ. ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಕೋಸು, ಮೇಲೆ ಎಣ್ಣೆ. ಸಮಾಧಾನ ಹೇಳಲು ಹೋದ ಮ್ಯಾನೇಜರ್, "ಅವ್ವಾರ, ನಮ್ಮ ದೇಶಕ್ಕ ಮೆಣಸಿನಕಾಯಿ ತಂದವರು ಇವರ ನೋಡ್ರಿ," ಎಂದರು. ದೊಡ್ಡವ್ವ ಆಲೂಗಡ್ಡೆಯನ್ನೊಮ್ಮೆ ನೋಡಿದಳು. "ಇದ್ದಷ್ಟೂ ನಮಗ ಕೊಟ್ಟು ಕುಂತಾರಲ್ರಿ, ಪಾಪ," ಎಂದು ಚೀಲದಿಂದ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ತೆಗೆದು ಬಡಿಸುವವಳ ಕೈಗೂ ಒಂದು ಚಮಚ ಹಾಕಿದಳು. ಅವಳು ಬಾಯಿಗೆ ಹಾಕಿಕೊಂಡು ಒಳಗೆ ಓಡಿದವಳು ಬಿಲ್ಲು ಕೊಡಲಿಕ್ಕೂ ಬರಲಿಲ್ಲ.

ಪೋರ್ತೊ ಊರಿನಲ್ಲಿ ಹೊಳೆಯ ದಂಡೆಗುಂಟ ಹಳೆಯ ಟ್ರಾಮು ಓಡುತ್ತದೆ. ಅದನ್ನು ಓಡಿಸುತ್ತಿದ್ದವಳು ಒಬ್ಬ ಹೆಂಗಸು. ಕಡೆಯ ನಿಲ್ದಾಣದಲ್ಲಿ ಆಕೆಯ ಟೊಪ್ಪಿಗೆಯೇ ಉಡಿಯಾಯಿತು. ಅಷ್ಟರಲ್ಲಿ ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ದೊಡ್ಡವ್ವಾ, ಆಕಿ ಮುತ್ತೈದಿ ಹೌದೋ ಅಲ್ಲೋ, ಕೇಳಿದೀಯೇನು?"

"ಅದು ನಿನಗ್ಯಾಕ ಬೇಕು? ಆಕಿ ಟ್ರಾಮ್ ಹೊಡದಾಳ, ನಾ ಕುಂತೇನಿ. ಚಂದ ನಕ್ಕಾಳ. ಸಾಕಿಲ್ಲೇನು?"

ಹೀಗೆ ಊರೂರಿಗೆ ಖಣ ಖರ್ಚಾಗಿ, ಕಡೆಗೆ ಒಂದೇ ಒಂದು ಉಳಿಯಿತು. ಹಸಿರು ಮೈ, ಕೆಂಪು ಅಂಚು. ಇದ್ದುದರಲ್ಲಿ ಎಲ್ಲಕ್ಕಿಂತ ಚೆಂದದ್ದು.

ಕೊನೆಯ ಊರು ಕಡಲ ದಂಡೆಯ ನಜಾರೆ. ಬಸ್ಸಿನಿಂದ ಇಳಿದವಳೇ ಸಮುದ್ರದ ಕಡೆ ಕಣ್ಣೂ ಹಾಯಿಸದೆ ದೊಡ್ಡವ್ವ ಉಸುಕಿನಲ್ಲಿ ಓಡತೊಡಗಿದಳು.

"ಲೇ ತಂಗಿ, ಇಲ್ಲೂ ಮಣೂಕ ಒಣಾ ಹಾಕ್ಯಾರ! ಬಲಿ ನೋಡು, ನಮ್ಮ ಶೆಡ್ಡಿನ್ಯಾಗಿನ ಬಲೀನ ಐತಿ."

ದೂರದಿಂದ ನನಗೂ ಹಾಗೆಯೇ ಕಂಡಿತು: ಕಟ್ಟಿಗೆಯ ಚೌಕಟ್ಟು, ಅದರ ಮೇಲೆ ಬಿಗಿದ ಬಲೆ. ಹತ್ತಿರ ಹೋದರೆ ಮೀನು. ಸೀಳಿ, ಹರವಿ, ಬಿಸಿಲಿಗೆ ಇಟ್ಟಿದ್ದರು. ಲಿಂಗ ಕಟ್ಟಿದ ದೊಡ್ಡವ್ವ ಶಿವಶಿವಾ ಎಂದು ಮೂಗಿಗೆ ಸೆರಗು ಹಿಡಿದಳು. ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? "ಇಷ್ಟು ಒತ್ತೊತ್ತಾಗಿ ಹರವಬಾರದಾಗಿತ್ತು. ಗಾಳಿ ಆಡಂಗಿಲ್ಲ," ಎಂದು ಸೆರಗಿನೊಳಗಿಂದಲೇ ತಪ್ಪು ತೆಗೆದಳು.

ಮೀನಿನ ಆಚೆ ಬುಟ್ಟಿಯಲ್ಲಿ ಒಣ ಅಂಜೂರ, ಬಾದಾಮಿ ಇಟ್ಟುಕೊಂಡು ಒಬ್ಬ ಮುದುಕಿ ಕುಳಿತಿದ್ದಳು. ತಲೆಯ ವಸ್ತ್ರದಿಂದ ಕಾಲಿನವರೆಗೆ ಪೂರಾ ಕಪ್ಪು.

"ಯಾಕ್ರಿ ಈಕಿ ಹಿಂಗ ಕರೀದ ಉಟ್ಟಾಳ?" ಎಂದು ದೊಡ್ಡವ್ವ ಮ್ಯಾನೇಜರರನ್ನು ಕೇಳಿದಳು.

"ಗಂಡ ತೀರಿದವರು ಇಲ್ಲಿ ಕರೀದು ಉಡ್ತಾರ್ರಿ, ಅವ್ವಾರ. ಕೆಲವರು ಸಾಯೂತನಕಾ ಬಿಡಂಗಿಲ್ಲ."

ದೊಡ್ಡವ್ವ ಮುದುಕಿಯ ಎದುರಿಗೆ ಹೋಗಿ ನಿಂತಳು. ಮೂಗಿನ ಮೇಲಿನ ಸೆರಗು ಯಾವಾಗಲೋ ಜಾರಿತ್ತು. ಆಮೇಲೆ ಚೀಲಕ್ಕೆ ಕೈ ಹಾಕಿ ಆ ಹಸಿರು ಖಣ ತೆಗೆದಳು. ಈ ಸಲ ಸೆರಗು ಹಿಡಿ ಎಂದು ಹೇಳಲೇ ಇಲ್ಲ. ಮುದುಕಿ ಎದ್ದು ನಿಂತು, ತನ್ನ ಸೊಂಟದ ಮುಂದೆ ಕಟ್ಟಿಕೊಂಡಿದ್ದ ಕಪ್ಪು ಅರಿವೆಯ ಎರಡು ತುದಿ ತಾನೇ ಹಿಡಿದು ಒಡ್ಡಿದಳು. ಇಡೀ ದೇಶದಲ್ಲಿ ಉಡಿ ಇದ್ದ ಹೆಂಗಸು ಆಕೆಯೊಬ್ಬಳೇ! ದೊಡ್ಡವ್ವ ಅಕ್ಕಿ ಹಾಕಿದಳು, ಕೊಬ್ಬರಿ ಹಾಕಿದಳು, ಮೇಲೆ ಖಣ ಇಟ್ಟಳು. ಮುದುಕಿ ಖಣದ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು.

ಅದನ್ನೆಲ್ಲ ಬುಟ್ಟಿಯ ಪಕ್ಕದಲ್ಲಿ ಇಟ್ಟು, ಮುದುಕಿ ದೊಡ್ಡವ್ವನ ಹತ್ತಿರ ಬಂದಳು. ದೊಡ್ಡವ್ವನ ಸೆರಗಿನ ಚುಂಗನ್ನು ತಾನೇ ಹಿಡಿದು, ದೊಡ್ಡವ್ವನ ಎರಡೂ ಕೈಗೆ ಕೊಟ್ಟು, ಬೊಗಸೆ ತುಂಬ ಅಂಜೂರ ಸುರಿದಳು. ಇನ್ನೊಂದು ಬೊಗಸೆ ಬಾದಾಮಿ ಸುರಿದಳು. ನಾನು ಸಮುದ್ರದ ಕಡೆ ನೋಡಬೇಕಾಯಿತು.

ಬಸ್ಸಿನಲ್ಲಿ ಆ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತವಳು ನನ್ನ ಕಡೆ ತಿರುಗಿದಳು.

"ಗೋವಾದ ಮಾತು ಇನ್ನ ತಗೀಬಾರದು, ತಂಗಿ. ಆದದ್ದು ಆತು."

ಊರಿಗೆ ಬಂದು ಕೋಟು ಹಿಡಿದು ನಿಂತವರ ಕಥೆಯನ್ನು, ಟ್ರಾಮಿನ ಕಥೆಯನ್ನು ನಾನು ಬಳಗಕ್ಕೆಲ್ಲ ಹೇಳಿ ನಗಿಸಿದೆ. ಮುಂದಿನ ವಾರ ಬಬಲೇಶ್ವರದಲ್ಲಿ ನನ್ನ ತಂಗಿಯ ಮಗಳ ಕುಬಸ. ಖಣ ಆರಿಸಿದವಳು ದೊಡ್ಡವ್ವ. ತಾಟಿನಲ್ಲಿ ಜೋಡಿಸಿ ಕೊಟ್ಟು, ಸಾರಿಗೆ ಒಗ್ಗರಣೆ ಕೊಡಬೇಕೆಂದು ಎಂದಿನಂತೆ ಒಳಗೆ ಹೋದಳು. ಹಾಡು ಶುರುವಾಗಬೇಕು, ಬಸುರಿ ಮಣೆಯ ಮೇಲಿಲ್ಲ. ಹುಡುಕಿದರೆ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಒಡ್ಡಿಕೊಂಡು ನಿಂತಿದ್ದಾಳೆ.

"ಹೋಟೆಲ್ಲಿನಾಕಿಗೆ ತುಂಬೀದಿ, ಟ್ರಾಮ್ ಹೊಡಿಯಾಕಿಗೆ ತುಂಬೀದಿ. ನಾ ಏನ್ ಪಾಪ ಮಾಡೇನಿ ಬೇ, ಆಯಿ?"

ದೊಡ್ಡವ್ವ ನಮ್ಮೆಲ್ಲರ ಮುಖ ನೋಡಿದಳು. ನನ್ನ ತಂಗಿ ತಾಟನ್ನು ಆಕೆಯ ಕೈಗೆ ಕೊಟ್ಟಳು. ದೊಡ್ಡವ್ವ ಅಕ್ಕಿ ಹಾಕಿದಳು, ಖಣ ಇಟ್ಟಳು, ಆಮೇಲೆ ತನ್ನ ಸೊಂಟದ ಚೀಲದಿಂದ ನಾಲ್ಕು ಒಣ ಅಂಜೂರ ತೆಗೆದು ಹಾಕಿದಳು. ಒಲೆಯ ಮೇಲೆ ಸಾರು ಉಕ್ಕಿ ಹರಿಯಿತು. ಇಳಿಸಲಿಕ್ಕೆ ಯಾರೂ ಒಳಗೆ ಹೋಗಲಿಲ್ಲ.