ಗಿರಣಿ ನಿಂತ ದಿನ

ಬೆಳಗ್ಗೆ ಏಳೂವರೆಗೆ ಕರೆಂಟು ಹೋಯಿತು. ಕರೆಂಟು ಹೋದರೆ ಹೋಗಲಿ, ಅದರ ಜೊತೆಗೆ ಕೆಳಗಿನ ಹಿಟ್ಟಿನ ಗಿರಣಿಯೂ ನಿಂತುಹೋಯಿತು. ರಾತ್ರಿ ಪಾಳಿ ಮುಗಿಸಿ, ಬಿರುಗಾಳಿಗೆ ಕೊಡೆಯನ್ನು ದಾನ ಮಾಡಿ, ಆಗಷ್ಟೇ ಬಂದು ಹಾಸಿಗೆಗೆ ಬಿದ್ದಿದ್ದ ಉಗ್ರಾಣದ ಕಾವಲುಗಾರ ಥಟ್ಟನೆ ಕಣ್ಣು ಬಿಟ್ಟ.

ಅವನ ಗುಟ್ಟು ಅವನೊಬ್ಬನಿಗೇ ಗೊತ್ತಿತ್ತು. ಗಿರಣಿಯ ಮೇಲಿನ ಈ ಬಾಡಿಗೆ ಕೋಣೆಗೆ ಬಂದು ಎಂಟು ವರ್ಷ. ಕೆಳಗೆ ಕಲ್ಲು ಗರಗರ ತಿರುಗುತ್ತದೆ, ಬೆಲ್ಟು ಪಟಪಟ ಬಡಿಯುತ್ತದೆ, ಮೇಲೆ ಮಂಚ ಸಣ್ಣಗೆ ನಡುಗುತ್ತದೆ. ಆ ನಡುಕದಲ್ಲಿ ಅವನು ತೊಟ್ಟಿಲ ಕೂಸಿನಂತೆ ಮಲಗುತ್ತಿದ್ದ. ಅದು ಬರೀ ದಣಿವಿನ ನಿದ್ದೆಯೆಂದು ಹೆಂಡತಿ ತಿಳಿದಿದ್ದಳು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಇವನಿಗೆ ಸಂತೆ ಇಲ್ಲದಿದ್ದರೆ ನಿದ್ದೆಯೇ ಇಲ್ಲ. ಗಿರಣಿಗೆ ವಾರದ ರಜೆ ಇರುವ ದಿನವೇ ತನ್ನ ರಜೆಯೂ ಬೀಳುವಂತೆ ಅವನು ಕಾಡಿ ಬೇಡಿ ಮಾಡಿಕೊಂಡಿದ್ದ.

ಮಲಗದಿದ್ದರೆ ಏನಾಯಿತು ಎನ್ನುವಂತೆಯೂ ಇರಲಿಲ್ಲ. ಹೋದ ತಿಂಗಳು ಎರಡು ದಿನ ಕರೆಂಟು ಕೈಕೊಟ್ಟಿತ್ತು. ಎರಡೂ ರಾತ್ರಿ ಅವನು ಉಗ್ರಾಣದ ಬಾಗಿಲಲ್ಲಿ ತೂಕಡಿಸಿ ಮೇಲ್ವಿಚಾರಕರ ಕೈಗೆ ಸಿಕ್ಕಿಬಿದ್ದಿದ್ದ. ಮೂರನೆಯ ಸಲ ಸಿಕ್ಕಿದರೆ ಮತ್ತೆ ಈ ಕಡೆ ಬರುವುದೇ ಬೇಡ, ಮನೆಯಲ್ಲೇ ಹಾಯಾಗಿ ಮಲಗಿರು ಎಂದು ಅವರು ಹೇಳಿ ಕಳಿಸಿದ್ದರು. ಇವತ್ತು ರಾತ್ರಿ ಎಚ್ಚರವಿರಬೇಕಾದರೆ ಹಗಲು ಮಲಗಲೇಬೇಕು.

ಹೊರಗೆ ಮಳೆ ಒಂದೇ ಸಮನೆ ಭೋರ್ಗರೆಯುತ್ತಿತ್ತು. ಬೀದಿಯಲ್ಲಿ ಮೊಣಕಾಲುದ್ದ ನೀರು. ಗಿರಣಿಯಷ್ಟು ಅಲ್ಲದಿದ್ದರೂ ಇದೂ ಒಂದು ಸದ್ದೇ ಎಂದು ಅವನು ಮಳೆಯನ್ನೇ ಹಿಡಿದುಕೊಂಡು ನಿದ್ದೆಯ ಕಡೆ ಜಾರತೊಡಗಿದ. ಅಷ್ಟರಲ್ಲಿ ಹೆಂಡತಿ ತುದಿಗಾಲಲ್ಲಿ ಬಂದಳು. ಮಳೆ ಸದ್ದಿಗೆ ಗಂಡನಿಗೆ ಎಚ್ಚರವಾದೀತೆಂದು ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೇ ಕೌದಿ ತುರುಕಿದಳು. ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ಬಾಯಿಗೆ ಬಟ್ಟೆ ಕಟ್ಟಿದಳು. ಆಮೇಲೆ ಅವನ ಪಕ್ಕ ನಿಂತು, “ಎಂಟು ವರ್ಷಕ್ಕೆ ಇವತ್ತು ನೆಮ್ಮದಿಯಾಗಿ ಮಲಗಿದ್ದಾರೆ. ಈ ಮಳೆಗೆ ಪುಣ್ಯ ಬರಲಿ” ಎಂದು ತನಗೆ ತಾನೇ ಹೇಳಿಕೊಂಡಳು.

ಕಣ್ಣು ಬಿಡಬೇಕೆಂದಿದ್ದ ಕಾವಲುಗಾರ ಬಿಡಲಿಲ್ಲ.

ಹತ್ತು ಗಂಟೆಗೆ ಎದುರು ಕೋಣೆಯ ಟೀಚರಮ್ಮ ವಿಷಯ ತಿಳಿದು ಬಂದರು. ಮೂವತ್ತೈದು ವರ್ಷ ಮಕ್ಕಳನ್ನು ಸುಮ್ಮನಿರಿಸಿ ನಿವೃತ್ತರಾದವರು. ಈಗ ಬಿರುಗಾಳಿಯನ್ನೇ ಸುಮ್ಮನಿರಿಸಲು ಟೊಂಕ ಕಟ್ಟಿದರು. ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿದೆಯೆಂದು ಅದರ ಸೆಲ್ ತೆಗೆದರು. ತಮ್ಮ ಮನೆಯಿಂದ ಹತ್ತಿ ತಂದು, ಕೂಸಿಗೆ ಹಾಕುವಷ್ಟು ನಾಜೂಕಾಗಿ ಅವನ ಎರಡೂ ಕಿವಿಗೆ ಇಟ್ಟರು. ಇದ್ದಬದ್ದ ಸದ್ದೂ ಹೋಯಿತು. ಕಾವಲುಗಾರನಿಗೆ ತನ್ನ ಎದೆಬಡಿತವೇ ಕೇಳಿಸತೊಡಗಿ, ಅದನ್ನು ಎಣಿಸುತ್ತ ಅವನು ಮತ್ತಷ್ಟು ಎಚ್ಚರವಾದ.

ಇನ್ನು ತಡೆಯಲಾರದೆ, ಇದ್ದದ್ದನ್ನು ಇದ್ದಹಾಗೆ ಹೇಳಿಬಿಡೋಣ ಎಂದುಕೊಳ್ಳುವಾಗ ಗಿರಣಿ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಬೀದಿಯ ನೀರಿನಿಂದಾಗಿ ಮನೆಗೆ ಹೋಗಲಾಗದೆ ಹಿಟ್ಟಿನ ಮೂಟೆಗಳ ನಡುವೆ ಒಬ್ಬರೇ ಕೂತು ಬೇಸತ್ತಿದ್ದರು. ಹೆಂಡತಿ ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಮಲಗಿದ್ದ ಗಂಡನನ್ನು ತೋರಿಸಿದಳು.

“ನೋಡಿ ಅಣ್ಣ, ಅವರ ಮುಖ ನೋಡಿ. ಸದ್ದಿಲ್ಲದಿದ್ರೆ ಎಷ್ಟು ಚೆನ್ನಾಗಿ ಮಲಗ್ತಾರೆ. ನಾನು ಎಷ್ಟು ಸಲ ಬಂದು ನಿಮ್ಮ ಹತ್ರ ಜಗಳ ಆಡಿದ್ದೀನಿ, ನಂಗೇ ನಾಚಿಕೆ ಆಗುತ್ತೆ. ಇವರಿಗೆ ಒಂದು ದಿನಾನೂ ಹೇಳಿಲ್ಲ, ನೊಂದ್ಕೋತಾರೆ ಅಂತ.”

ಹತ್ತಿಯ ಆಚೆಯಿಂದ ಇದೆಲ್ಲ ಕಾವಲುಗಾರನಿಗೆ ಸಣ್ಣಗೆ ಕೇಳಿಸಿತು. ಇವಳು ಹನ್ನೊಂದು ಕಡೆ ಬೇರೆ ಕೋಣೆ ನೋಡಿ ಬಂದಳಂತೆ. ಅವನು ತೂಕಡಿಸಿ ಸಿಕ್ಕಿಬಿದ್ದ ದಿನ, ಗಿರಣಿ ನಿಂತಿದ್ದರೂ, ಎಂಟು ವರ್ಷದ ಸದ್ದಿನ ದಣಿವೇ ಕಾರಣವೆಂದು ಕೆಳಗೆ ಹೋಗಿ ಅತ್ತಳಂತೆ. ತಾನು ಗೊರಕೆ ಹೊಡೆದ ಎಂಟು ವರ್ಷವೂ ತನ್ನ ನಿದ್ದೆಗಾಗಿ ಒಬ್ಬಳು ಹೋರಾಡುತ್ತಿದ್ದಳು. ಇಂಥ ಹೆಂಡತಿ ಸಿಗಲು ತಾನೇನು ಪುಣ್ಯ ಮಾಡಿದ್ದೆನೋ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು. ಈಗ ಎದ್ದು, ಅಷ್ಟೂ ಜಗಳ ದಂಡವೆಂದು ಹೇಳುವುದು ಹೇಗೆ? ಹೇಳುವ ಬದಲು, ಮೂವರ ಸಮಾಧಾನಕ್ಕೆ ಎರಡು ಸಣ್ಣ ಗೊರಕೆ ಹೊಡೆದ. ಗಿರಣಿ ಯಜಮಾನರು ಕಣ್ಣೊರೆಸಿಕೊಂಡರು.

ಅಲ್ಲಿಂದ ಸಂಜೆಯವರೆಗೆ ಮೂವರೂ ಬಾಗಿಲ ಬಳಿ ಕೂತು ಪಿಸುಮಾತಿನಲ್ಲಿ ಕಾವಲು ಕಾದರು. ಅವನು ಮಗ್ಗುಲು ಬದಲಿಸಿದರೆ ಉಸಿರು ಬಿಗಿ ಹಿಡಿಯುತ್ತಿದ್ದರು. ಟೀಚರಮ್ಮನಿಗೆ ಸೀನು ಬಂದಾಗ ಮೆಟ್ಟಿಲಿಳಿದು ಹೋಗಿ ಗಿರಣಿಯಲ್ಲಿ ಸೀನಿ ಬಂದರು. ಕಾವಲುಗಾರನಿಗೆ ಕೆಲಸದಲ್ಲೂ ಇಷ್ಟು ಕಷ್ಟಪಟ್ಟ ನೆನಪಿರಲಿಲ್ಲ.

ಆರು ಗಂಟೆಗೆ ಮಳೆ ನಿಂತು, ಬೀದಿಯ ನೀರು ಇಳಿಯಿತು. ಅವನು ಮೈಮುರಿದು ಎದ್ದಂತೆ ಮಾಡಿದ. ನಿದ್ದೆ ಹೇಗಾಯಿತೆಂದು ಹೆಂಡತಿ ಕೇಳಿದಳು. ಅವಳ ಮುಖ ನೋಡಿದ ಮೇಲೆ ಅವನ ಬಾಯಲ್ಲಿ ಬೇರೆ ಮಾತು ಬರಲಿಲ್ಲ.

“ಜನ್ಮದಲ್ಲೇ ಇಷ್ಟು ಚೆನ್ನಾಗಿ ಮಲಗಿರಲಿಲ್ಲ ಕಣೆ.”

ಗಿರಣಿ ಯಜಮಾನರು ಇದಕ್ಕೇ ಕಾಯುತ್ತಿದ್ದವರಂತೆ ಮುಂದೆ ಬಂದರು. ಅವನ ಎರಡೂ ಕೈ ಹಿಡಿದುಕೊಂಡು, “ನಾನು ನಿಶ್ಚಯ ಮಾಡಿದ್ದೀನಪ್ಪ. ಇನ್ಮೇಲೆ ಹಗಲು ಗಿರಣಿ ಇಲ್ಲ. ನೀನು ಕೆಲಸಕ್ಕೆ ಹೋದ್ಮೇಲೆ ಶುರು ಮಾಡ್ತೀನಿ, ನೀನು ಬರೋ ಮುಂಚೆ ನಿಲ್ಲಿಸ್ತೀನಿ” ಎಂದರು.

ಕಾವಲುಗಾರನ ಕಾಲ ಕೆಳಗಿನ ನೆಲ ಕುಸಿಯಿತು. ನನಗೋಸ್ಕರ ಇಷ್ಟೆಲ್ಲ ತೊಂದರೆ ಬೇಡ, ಸದ್ದು ಅಭ್ಯಾಸವಾಗಿದೆ ಎಂದು ತೊದಲಿದ. ಅವನದು ಎಷ್ಟು ದೊಡ್ಡ ಮನಸ್ಸು ಎಂದು ಮೂವರೂ ಮುಖ ಮುಖ ನೋಡಿಕೊಂಡರು. ವಯಸ್ಸಾಯಿತು, ತಮಗೆ ಹೇಗೂ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಟೀಚರಮ್ಮ ಒಪ್ಪಿಗೆ ಕೊಟ್ಟರು. ಹೆಂಡತಿ, “ನೀವು ಮಲಗಿದ್ರೆ ಸಾಕು, ನಾನು ಹೇಗೋ ಸಹಿಸ್ಕೋತೀನಿ” ಎಂದಳು.

ಏಳು ಗಂಟೆಗೆ ಕರೆಂಟು ಬಂತು. ಊಟದ ಡಬ್ಬಿ ಹಿಡಿದು ಅವನು ಮೆಟ್ಟಿಲಿಳಿಯುವಾಗ, ಶುಭಕಾರ್ಯಕ್ಕೆ ತಡವೇಕೆಂದು ಯಜಮಾನರು ಗಿರಣಿ ಶುರುಮಾಡಿದರು. ಕಲ್ಲು ಗರಗರ ತಿರುಗಿತು, ಮೆಟ್ಟಿಲು ಸಣ್ಣಗೆ ನಡುಗಿತು. ಬೂಟಿನ ದಾರ ಕಟ್ಟಲೆಂದು ಕೊನೆಯ ಮೆಟ್ಟಿಲ ಮೇಲೆ ಕೂತವನು ಬಗ್ಗಿದಂತೆಯೇ ಮಲಗಿಬಿಟ್ಟ. ಈ ಸಲ ಬಂದ ಗೊರಕೆ ನಿಜವಾದದ್ದು.

ಹೆಂಡತಿ ನೋಡಿ ಓಡಿ ಬಂದಳು, ಅವಳ ಹಿಂದೆಯೇ ಟೀಚರಮ್ಮ. ಇನ್ನೂ ಅರ್ಧ ಗಂಟೆ ಸಮಯವಿದೆ, ಪಾಪ, ಅಷ್ಟಾದರೂ ಮಲಗಲಿ ಎಂದು ಅವಳು ಯಜಮಾನರತ್ತ ಕೈ ಬೀಸಿದಳು.

“ಅಣ್ಣಾ, ಗಿರಣಿ ನಿಲ್ಲಿಸಿ. ಮಲಗಿದ್ದಾರೆ.”

ಯಜಮಾನರು ಒಡನೆಯೇ ನಿಲ್ಲಿಸಿದರು.

ಕಾವಲುಗಾರ ಥಟ್ಟನೆ ಕಣ್ಣು ಬಿಟ್ಟ. ಮೂವರೂ ಅವನನ್ನೇ ಪ್ರೀತಿಯಿಂದ ನೋಡುತ್ತ ನಿಂತಿದ್ದರು. ತನ್ನ ನಿದ್ದೆಗೋಸ್ಕರ ಇಷ್ಟು ಜೀವಗಳು ಮಿಡಿಯುತ್ತವಲ್ಲ ಎಂದು ಅವನಿಗೆ ಕಣ್ಣು ತುಂಬಿ ಬಂತು. ಮೂವರಿಗೂ ಕೈಮುಗಿದು, ಬಾಯಿ ತುಂಬ ಆಕಳಿಸುತ್ತ, ಅವನು ರಾತ್ರಿ ಪಾಳಿಗೆ ಹೊರಟ.